ವಿಳಾಸ ಸರಿಯಿದ್ದರೂ ಇಮೇಲ್ ವಾಪಸ್ ಬರುವುದೇಕೆ?

ಪ್ರಶ್ನೆ: ಎಡಿಸನ್‌ನಲ್ಲಿ ನಾವು ಕೆಲವರು ಸೇರಿ ಮಕ್ಕಳಿಗೆ ಕನ್ನಡ ಕಲಿಸುತ್ತೇವೆ. ಪುಸ್ತಕಗಳಿಗಾಗಿ ಮೈಸೂರಿನ ಅಂಗಡಿಯೊಂದಕ್ಕೆ ಕಳಿಸಿದ ಇಮೇಲ್ ‘ಡೊಮೇನ್ ಸಿಗಲಿಲ್ಲ’ ಎಂದು ವಾಪಸಾಯಿತು. ಹೋದ ತಿಂಗಳು ಇದೇ ವಿಳಾಸಕ್ಕೆ ಹೋಗಿತ್ತು. ತಪ್ಪು ನಮ್ಮದೋ, ಅವರದೋ?
– ಓದುಗರೊಬ್ಬರು, ಎಡಿಸನ್, ನ್ಯೂಜೆರ್ಸಿ

ಉತ್ತರ: ನಿಮ್ಮ ಇಮೇಲ್ ಅಂಗಡಿಯವರ ಸರ್ವರ್ ಮುಟ್ಟಿಯೇ ಇಲ್ಲ. ಯಾರ ಕೈಗೆ ಕೊಡಬೇಕೆಂದು ತಿಳಿಯದೆ ನಿಮ್ಮ ಕಡೆಯ ಸರ್ವರ್ ಅದನ್ನು ಹಿಂದಿರುಗಿಸಿದೆ. ವಿಳಾಸದಲ್ಲಿ ‘@’ ಚಿಹ್ನೆಯ ನಂತರ ಬರುವುದೇ ಡೊಮೇನ್. ಆ ಹೆಸರಿಗೆ ಬಂದ ಅಂಚೆಯನ್ನು ಯಾವ ಸರ್ವರ್ ತೆಗೆದುಕೊಳ್ಳುತ್ತದೆ ಎಂಬುದು, ಜಾಲದ ಹೆಸರುಗಳಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ವ್ಯವಸ್ಥೆಯಲ್ಲಿ ‘ಎಂಎಕ್ಸ್’ ದಾಖಲೆಯಾಗಿ ಇರುತ್ತದೆ.

ಈ ವ್ಯವಸ್ಥೆ ಬರುವ ಮೊದಲು ಇಡೀ ಜಾಲದ ಕಂಪ್ಯೂಟರ್‌ಗಳ ಹೆಸರುಗಳೆಲ್ಲ ಒಂದೇ ಪಟ್ಟಿಯಲ್ಲಿದ್ದವು. ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕ್‌ನಲ್ಲಿ ಎಸ್‌ಆರ್‌ಐ ಸಂಸ್ಥೆ ಅದನ್ನು ನೋಡಿಕೊಳ್ಳುತ್ತಿತ್ತು. ನಿಮ್ಮೂರಲ್ಲೂ ಒಂದು ಮೆನ್ಲೊ ಪಾರ್ಕ್ ಇದೆಯಲ್ಲ, 1876ರಲ್ಲಿ ಥಾಮಸ್ ಎಡಿಸನ್ ಪ್ರಯೋಗಾಲಯ ತೆರೆದ ಜಾಗ. ರಾಜ್ಯದ ಹೆಸರಿಲ್ಲದೆ ‘ಮೆನ್ಲೊ ಪಾರ್ಕ್’ ಎಂದಷ್ಟೇ ಬರೆದರೆ ಕಾಗದ ಎಲ್ಲಿಗೆ ಹೋಗಬೇಕು? ಒಂದೇ ಪಟ್ಟಿಯಲ್ಲಿ ಇಂಥ ಹೆಸರುಗಳನ್ನೆಲ್ಲ ನಿಭಾಯಿಸುವುದು ಕಷ್ಟವಾಗುತ್ತ ಹೋಯಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಡಿಎನ್‌ಎಸ್ ರೂಪಿಸಿದರು. ಅಂದಿನಿಂದ ಡೊಮೇನಿನ ದಾಖಲೆ ಆಯಾ ಒಡೆಯರ ಜವಾಬ್ದಾರಿ.

ಇನ್ನು ಪತ್ತೆ ಹಚ್ಚೋಣ. ವಾಪಸ್ ಬಂದ ಸಂದೇಶದಲ್ಲಿ ಸಾಮಾನ್ಯವಾಗಿ ಮೂರಂಕಿಯ ಸಂಖ್ಯೆ ಇರುತ್ತದೆ. ಅದು 4ರಿಂದ ಶುರುವಾದರೆ ತಾತ್ಕಾಲಿಕ ಅಡ್ಡಿ: ಡಿಎನ್‌ಎಸ್ ಉತ್ತರ ಕೊಟ್ಟಿಲ್ಲ. ಸರ್ವರ್ ಸಾಮಾನ್ಯವಾಗಿ ನಾಲ್ಕೈದು ದಿನ ತಾನೇ ಮತ್ತೆ ಮತ್ತೆ ಪ್ರಯತ್ನಿಸುತ್ತದೆ, ನೀವು ಕಾದರೆ ಸಾಕು. 5ರಿಂದ ಶುರುವಾದರೆ ಇನ್ನು ಪ್ರಯತ್ನವಿಲ್ಲ ಎಂದರ್ಥ.

ಆಗ ಮೊದಲು ಕಾಗುಣಿತ ನೋಡಿ. ಒಂದು ಅಕ್ಷರ ತಪ್ಪಿದರೂ, ಕೊನೆಯಲ್ಲಿ ಒಂದು ಚುಕ್ಕೆ ಹೆಚ್ಚಾದರೂ ಹುಡುಕಾಟ ಸೋಲಬಹುದು. ಅದು ಸರಿಯಿದ್ದರೆ ಕಂಪ್ಯೂಟರಿನ ಟರ್ಮಿನಲ್‌ನಲ್ಲಿ ‘ಎನ್‌ಎಸ್‌ಲುಕಪ್’ ಆದೇಶ ಕೊಟ್ಟು ಆ ಡೊಮೇನಿನ ಎಂಎಕ್ಸ್ ದಾಖಲೆ ಕೇಳಿ. ಅಂಥ ಡೊಮೇನೇ ಇಲ್ಲವೆಂಬ ಉತ್ತರ ಬಂದರೆ, ಅಂಗಡಿಯವರು ವಾರ್ಷಿಕ ಶುಲ್ಕ ಕಟ್ಟಿ ನವೀಕರಿಸುವುದನ್ನು ಮರೆತಿರುವ ಸಾಧ್ಯತೆಯೇ ಹೆಚ್ಚು. ದಾಖಲೆ ಸಿಕ್ಕಿಯೂ ಇಮೇಲ್ ಹೋಗದಿದ್ದರೆ ಬೇರೆ ಕಂಪನಿಯ ಖಾತೆಯಿಂದ ಕಳಿಸಿ ನೋಡಿ. ಅದು ಹೋದರೆ ತೊಡಕು ನಿಮ್ಮ ಇಮೇಲ್ ಸೇವೆಯ ಕಡೆಯದು. ಮನೆಯ ವೈಫೈ ಆರಿಸಿ ಹಚ್ಚಿ ಪ್ರಯೋಜನವಿಲ್ಲ, ಏಕೆಂದರೆ ವಿಳಾಸ ಹುಡುಕುವುದು ಇಮೇಲ್ ಸೇವೆಯ ಸರ್ವರ್.

ಅಂಗಡಿಯವರು ದಾಖಲೆ ಸರಿಪಡಿಸಿದ ಕೂಡಲೇ ಎಲ್ಲ ಕಡೆ ಸರಿಹೋಗುವುದಿಲ್ಲ. ಹಳೆಯ ಉತ್ತರ ಸರ್ವರ್‌ಗಳ ನೆನಪಿನಲ್ಲಿ ಕೆಲವು ಗಂಟೆ ಉಳಿಯಬಹುದು. ನಿಮ್ಮೂರಿಗೆ 1954ರವರೆಗೆ ರಾರಿಟನ್ ಟೌನ್‌ಶಿಪ್ ಎಂಬ ಹೆಸರಿತ್ತು. ಹೆಸರು ಬದಲಾದ ದಿನವೇ ಎಲ್ಲರ ವಿಳಾಸ ಪುಸ್ತಕ ಬದಲಾಗುವುದಿಲ್ಲ, ಇದೂ ಹಾಗೆಯೇ.

ತಮ್ಮ ಅಂಚೆ ನಿಂತಿದೆ ಎಂಬುದು ಅಂಗಡಿಯವರಿಗೆ ಗೊತ್ತೇ ಇರಲಿಕ್ಕಿಲ್ಲ. ದಯವಿಟ್ಟು ಫೋನ್ ಮಾಡಿ ತಿಳಿಸಿ, ವಾಪಸ್ ಬಂದ ಸಂದೇಶವನ್ನು ಪೂರ್ತಿಯಾಗಿ ವಾಟ್ಸಾಪ್‌ನಲ್ಲಿ ಕಳಿಸಿಕೊಡಿ. ನಿಮ್ಮೊಬ್ಬರ ಕರೆಯಿಂದ ಅವರ ಎಲ್ಲ ಓದುಗರ ಕಾಗದಗಳಿಗೂ ದಾರಿ ತೆರೆಯುತ್ತದೆ.