ಗರ್ಬಾಕ್ಕೆ ಮೊದಲು ಮಧ್ಯಾಹ್ನದ ನಿದ್ದೆ

ತಾಪಿ ನದಿ ಸಮುದ್ರ ಸೇರುವ ಗುಜರಾತಿನ ಹಜೀರಾದಲ್ಲಿ ಉಕ್ಕು, ಗೊಬ್ಬರದ ಕಾರ್ಖಾನೆಗಳು. ಪಕ್ಕದ ಸೂರತ್‌ನಲ್ಲಿ ವಜ್ರ, ಜರಿ, ಸೀರೆ. ಈ ಸೀಮೆಯಲ್ಲಿ ಅನ್ನ ಹುಟ್ಟುವುದೇ ಕೈಯಿಂದ. ಕ್ಯಾನ್ಸರ್ ಚಿಕಿತ್ಸೆ ಮುಗಿಸಿದವರ ಕೈಯನ್ನು ಮತ್ತೆ ಕೆಲಸಕ್ಕೆ ಹಚ್ಚುವವರು ಆಕ್ಯುಪೇಷನಲ್ ಥೆರಪಿಸ್ಟರು. ಕರ್ನಾಟಕದಲ್ಲಿ ಓದಿ ಅತ್ತ ಹೊರಟವರು ಇಷ್ಟನ್ನು ಗಂಟು ಕಟ್ಟಿಕೊಳ್ಳಿ.

1. ರೋಗಕ್ಕಿಂತ ಮೊದಲು ಕಸುಬು ಕೇಳಿ. ಪ್ಯಾಕ್ಲಿಟ್ಯಾಕ್ಸೆಲ್, ಸಿಸ್‌ಪ್ಲಾಟಿನ್‌ನಂಥ ಔಷಧಗಳಿಂದ ಬೆರಳ ತುದಿ ಜೋಮು ಹಿಡಿಯುತ್ತದೆ. ಬೇರೆಯವರಿಗೆ ಅದು ಕಿರಿಕಿರಿ. ಸಾಣೆಚಕ್ರಕ್ಕೆ ವಜ್ರ ಒಡ್ಡುವವನಿಗೆ ಸಂಬಳಕ್ಕೇ ಸಂಚಕಾರ. ರಾಜ್ಮಾ ಆರಿಸುವುದರಿಂದ ಶುರು ಮಾಡಿಸಿ, ಆಮೇಲೆ ಕಡಲೆ, ಕೊನೆಗೆ ಸಾಬೂದಾನಿ. ಚಿಮುಟದ ಹಿಡಿಯನ್ನು ದಪ್ಪ ಮಾಡಿಕೊಡಿ. ಸ್ಪರ್ಶ ಕೈಕೊಟ್ಟಲ್ಲಿ ಕಣ್ಣಿನಿಂದ ಕೆಲಸ ಮಾಡುವುದನ್ನು ಕಲಿಸಿ. ಜೋಮು ಪೂರ್ತಿ ಹೋಗುತ್ತದೆಂದು ಮಾತ್ರ ಮಾತು ಕೊಡಬೇಡಿ.

2. ಬಾಯಿ ಅಳೆಯಿರಿ. ಬಾಯಿ ಬಿಗಿಸುವ ಗುಟ್ಖಾ, ಮಾವಾ ಅಲ್ಲಿ ಬೀದಿಬೀದಿಗೂ ಇದೆ. (ಅದರೊಳಗಿನ ಅಡಿಕೆ ನಮ್ಮ ಮಲೆನಾಡಿನದೇ ಇದ್ದೀತು!) ಮೇಲಿನ, ಕೆಳಗಿನ ಹಲ್ಲುಗಳ ನಡುವೆ 35 ಮಿಲಿಮೀಟರ್‌ಗಿಂತ ಕಡಿಮೆ ತೆರೆದರೆ ಬಾಯಿ ಬಿಗಿದಿದೆ ಎಂದೇ ಲೆಕ್ಕ. ವಿಕಿರಣ ಚಿಕಿತ್ಸೆಯ ನಂತರ ಬಿಗಿತ ತಿಂಗಳುಗಟ್ಟಲೆ ಹೆಚ್ಚುತ್ತ ಹೋಗಬಹುದು. ವ್ಯಾಯಾಮಕ್ಕೆ ಬಾಯಿ ಬಿಗಿಯುವ ತನಕ ಕಾಯಬೇಡಿ.

3. ರಿಪೋರ್ಟ್ ನೋಡದೆ ಕೈ ಹಚ್ಚಬೇಡಿ. ಕ್ಯಾನ್ಸರ್ ಮೂಳೆಗೆ ಹರಡಿದೆಯೇ? ಪ್ಲೇಟ್‌ಲೆಟ್ ಎಷ್ಟಿದೆ?

4. ಭಾರ ಎತ್ತಲೇಬಾರದೆಂದು ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಆದವರನ್ನು ಹೆದರಿಸಬೇಡಿ. ನಿಧಾನವಾಗಿ ಏರಿಸಿದ ಭಾರದ ವ್ಯಾಯಾಮದಿಂದ ತೋಳಿನ ಬಾವು ಹೆಚ್ಚುವುದಿಲ್ಲವೆಂದು 2009ರಲ್ಲೇ ಅಮೆರಿಕದ ಅಧ್ಯಯನವೊಂದು ತೋರಿಸಿದೆ. ಆದರೂ ನೀರಿನ ಕೊಡವನ್ನು ಮುಟ್ಟಗೊಡದ ಅತ್ತೆಯರಿದ್ದಾರೆ. ಸಲಹೆ ಕೊಡುವಾಗ ಅತ್ತೆಯನ್ನೂ ಎದುರಿಗೆ ಕೂರಿಸಿಕೊಳ್ಳಿ.

5. ದಣಿವನ್ನು ಸೋಮಾರಿತನ ಎನ್ನಬೇಡಿ. ಕ್ಯಾನ್ಸರಿನ ಆಯಾಸ ಬರೀ ನಿದ್ದೆಯಿಂದ ನೀಗುವಂಥದ್ದಲ್ಲ. ನವರಾತ್ರಿಯಲ್ಲಿ ಗರ್ಬಾ ಆಡಲೇ ಎಂದು ಕೇಳಿದರೆ, ವೈದ್ಯರು ಬೇಡವೆನ್ನದಿದ್ದರೆ, ಲೆಕ್ಕ ಹಾಕಿಕೊಡಿ: ಅಂದು ಬಟ್ಟೆ ಒಗೆಯುವುದು ಬೇಡ, ಮಧ್ಯಾಹ್ನ ಮಲಗಿ, ಎರಡು ಸುತ್ತು ಕುಣಿದು ಕುರ್ಚಿಯಲ್ಲಿ ಕೂರಿ.

6. ಕಲಿಯಲು ದೊಡ್ಡ ಆಸ್ಪತ್ರೆಗಳತ್ತ ನೋಡಿ. ಬೆಂಗಳೂರಿನಲ್ಲಿ ಕಿದ್ವಾಯಿ, ಅಹಮದಾಬಾದಿನಲ್ಲಿ ಗುಜರಾತ್ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, ವಡೋದರಾ ಬಳಿಯ ಗೋರಜ್‌ನಲ್ಲಿ ಕೈಲಾಸ್ ಆಸ್ಪತ್ರೆ. ಗುಜರಾತಿ ಕಲಿಯುವುದನ್ನು ಮುಂದೂಡಬೇಡಿ. ನೋವು, ಜೋಮು, ಉರಿ ಇವುಗಳ ವ್ಯತ್ಯಾಸವನ್ನು ರೋಗಿ ಹೇಳುವುದು ತನ್ನ ಮಾತಿನಲ್ಲೇ.

7. ಪಾಠ ಹೇಳಿ. ಈ ವೃತ್ತಿ ನಮ್ಮಲ್ಲಿ ಬೇರೂರಿದ್ದೇ ಶಿಕ್ಷಕಿಯೊಬ್ಬರಿಂದ. ಅಮೆರಿಕದಲ್ಲಿ ಹುಟ್ಟಿ ನಿಂಬಕರ್ ಮನೆತನದ ಸೊಸೆಯಾಗಿ ಬಂದ ಕಮಲಾ ನಿಂಬಕರ್ 1950ರಲ್ಲಿ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ಶಾಲೆ ತೆರೆದರು. 1952ರಲ್ಲಿ ಆಕ್ಯುಪೇಷನಲ್ ಥೆರಪಿಸ್ಟರ ವಿಶ್ವ ಒಕ್ಕೂಟ ಹುಟ್ಟಿದಾಗ ಭಾರತ ಅದರ ಸ್ಥಾಪಕ ಸದಸ್ಯರಲ್ಲೊಂದು. ನೀವು ಮೊದಲ ತರಗತಿಗೆ ಸ್ಲೈಡ್ ಒಯ್ಯಬೇಡಿ. ವಿದ್ಯಾರ್ಥಿಗಳಿಗೆ ದಪ್ಪ ರಬ್ಬರ್ ಗವಸು ತೊಡಿಸಿ ಅಂಗಿಯ ಗುಂಡಿ ಹಾಕಿಕೊಳ್ಳಲು ಹೇಳಿ. ನರಗಳ ಪಾಠ ಆಮೇಲೆ.