ರಕ್ತದೊತ್ತಡ: ಉಪ್ಪಿನ ಮಿತಿ ಮತ್ತು ಕಾಯದ ದುಡಿಮೆ

“ಉಪ್ಪು ತಿಂದವನು ನೀರು ಕುಡಿಯಲೇಬೇಕು” ಎಂಬ ಗಾದೆಯನ್ನು, ಮಾಡಿದ ತಪ್ಪಿನ ಫಲವನ್ನು ಉಣ್ಣಲೇಬೇಕೆಂಬ ಅರ್ಥದಲ್ಲಿ ಬಳಸುವುದು ರೂಢಿ. ಅದರ ವಾಚ್ಯಾರ್ಥದಲ್ಲಿಯೂ ಶರೀರಶಾಸ್ತ್ರದ ಒಂದು ಸತ್ಯ ಅಡಗಿದೆ. ಉಪ್ಪಿನಲ್ಲಿರುವ ಸೋಡಿಯಂ ಶರೀರದಲ್ಲಿ ನೀರನ್ನು ಹಿಡಿದಿಡುತ್ತದೆ. ಹೆಚ್ಚಾದುದನ್ನು ಮೂತ್ರಪಿಂಡಗಳು ಹೊರಹಾಕಲಾರದಾದಾಗ ನಾಳಗಳಲ್ಲಿ ಹರಿಯುವ ರಕ್ತದ ಪ್ರಮಾಣ ಏರುತ್ತದೆ. ಅದರೊಡನೆ ನಾಳದ ಗೋಡೆಗಳ ಮೇಲಿನ ಒತ್ತಡವೂ ಏರುತ್ತದೆ.

ಹೃದಯವು ಸಂಕೋಚಗೊಂಡಾಗಿನ ಒತ್ತಡ ಮೇಲಿನ ಅಂಕಿ; ವಿರಮಿಸಿದಾಗಿನದು ಕೆಳಗಿನ ಅಂಕಿ. ಬೇರೆ ಬೇರೆ ದಿನಗಳಲ್ಲಿ ಅಳೆದಾಗಲೂ ಮೇಲಿನದು 140 ಅಥವಾ ಕೆಳಗಿನದು 90, ಇಲ್ಲವೆ ಅದಕ್ಕೂ ಹೆಚ್ಚು ಕಂಡುಬಂದರೆ ಅದು ಅಧಿಕ ರಕ್ತದೊತ್ತಡ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15 ವರ್ಷ ಮೀರಿದ ಪುರುಷರಲ್ಲಿ ಶೇಕಡಾ 24 ಮಂದಿಗೆ, ಸ್ತ್ರೀಯರಲ್ಲಿ ಶೇಕಡಾ 21 ಮಂದಿಗೆ ಈ ತೊಂದರೆಯಿದೆ. ನೋವಿಲ್ಲ, ಜ್ವರವಿಲ್ಲ, ಆದುದರಿಂದ ಬಹುಮಂದಿಗೆ ಅದರ ಅರಿವೇ ಇಲ್ಲ. ಪಾರ್ಶ್ವವಾಯುವೋ ಹೃದಯಾಘಾತವೋ ಬಂದೆರಗಿದಾಗಲೇ ಎಚ್ಚರವಾಗುವುದು ದುರ್ದೈವದ ಸಂಗತಿ.

ಸಂಗನಕಲ್ಲಿನ ಸಾಕ್ಷ್ಯ

ಬಳ್ಳಾರಿಯ ಸಮೀಪದ ಸಂಗನಕಲ್ಲಿನ ಗುಡ್ಡಗಳು ನವಶಿಲಾಯುಗದ ಜನರ ನೆಲೆಯಾಗಿದ್ದುದು ಸರ್ವವಿದಿತ. ಅಲ್ಲಿ ದೊರೆತ ಸುಟ್ಟ ಕಾಳುಗಳನ್ನು ಪರೀಕ್ಷಿಸಿದ ವಿದ್ವಾಂಸರು ಕೊರಲೆ, ಹುರುಳಿ, ಹೆಸರುಗಳನ್ನು ಗುರುತಿಸಿದ್ದಾರೆ. ಬಂಡೆಗಳ ಮೇಲಿನ ಅರೆಯುವ ಗುಳಿಗಳೂ ಕಲ್ಲಿನ ಕೊಡಲಿಗಳೂ ಆ ಜನರ ಮೈಮುರಿವ ದುಡಿಮೆಯನ್ನು ಸಾರುತ್ತವೆ. ಅವರಿಗೆ ಯಾವ ವ್ಯಾಧಿಗಳಿದ್ದವೆಂದು ಆ ಕಲ್ಲುಗಳು ಹೇಳಲಾರವು. ಆದರೆ ಕಾಳು ಮತ್ತು ದುಡಿಮೆ ಒಂದನ್ನೊಂದು ಅಗಲದ ಬದುಕನ್ನು ತೋರಿಸುತ್ತವೆ.

ತರುವಾಯ ಬಂದ ಜೋಳವು ಈ ಸೀಮೆಯ ಮುಖ್ಯ ಆಹಾರವಾಯಿತು. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿದ ಮೇಲೆ ಸಿರುಗುಪ್ಪದ ಕಡೆ ಭತ್ತದ ಗದ್ದೆಗಳು ಹಬ್ಬಿ, ಬಿಳಿಯನ್ನವು ಮನೆಮನೆಯ ನಿತ್ಯದೂಟವಾಯಿತು. ಅನ್ನವು ದೋಷವಲ್ಲ, ಆದರೆ ನುಣ್ಣಗೆ ಪಾಲಿಶ್ ಮಾಡಿದ ಅಕ್ಕಿಯಲ್ಲಿ ಜೋಳದಷ್ಟು ನಾರಾಗಲಿ ಪೊಟ್ಯಾಸಿಯಂ ಆಗಲಿ ಉಳಿಯದು. ಜೋಳದ ರೊಟ್ಟಿಯನ್ನು ಉಪ್ಪಿಲ್ಲದೆಯೂ ಬಡಿಯಬಹುದು. ಉಪ್ಪು ಸೇರುವುದು ಅದರ ಪಕ್ಕದಿಂದ: ಶೇಂಗಾ ಚಟ್ನಿಪುಡಿ, ಕೆಂಪು ಚಟ್ನಿ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಸಂಜೆಯಾದರೆ ಒಗ್ಗರಣೆ ಮಂಡಕ್ಕಿ ಮತ್ತು ಮಿರ್ಚಿ.

ಉಪ್ಪಿನ ಲೆಕ್ಕ

ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ವಿಧಿಸಿದ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಎಂದರೆ ಒಂದು ಚಹಾ ಚಮಚದೊಳಗೆ. ಆಯುರ್ವೇದವೂ ಇದನ್ನು ಮರೆತಿಲ್ಲ. ಚರಕಸಂಹಿತೆಯ ವಿಮಾನಸ್ಥಾನವು ಅತಿಯಾಗಿ ಬಳಸಬಾರದ ಮೂರು ದ್ರವ್ಯಗಳಲ್ಲಿ ಹಿಪ್ಪಲಿ ಮತ್ತು ಕ್ಷಾರಗಳೊಡನೆ ಲವಣವನ್ನೂ ಎಣಿಸಿದೆ. ಸೈಂಧವ ಲವಣವು ನಿರಪಾಯವೆಂದು ಕೆಲವರು ಭಾವಿಸುತ್ತಾರೆ. ಅದರಲ್ಲಿಯೂ ಸೋಡಿಯಮ್ಮೇ ಪ್ರಧಾನ. ಪೊಟ್ಯಾಸಿಯಂ ಬೆರೆಸಿದ ಉಪ್ಪನ್ನಾದರೋ ಮೂತ್ರಪಿಂಡದ ರೋಗವುಳ್ಳವರು ವೈದ್ಯರನ್ನು ಕೇಳದೆ ಮುಟ್ಟಬಾರದು.

ತೆಗೆದುಹಾಕುವುದರಷ್ಟೇ ಸೇರಿಸುವುದೂ ಮುಖ್ಯ. 1997ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಡ್ಯಾಶ್’ ಪ್ರಯೋಗದಲ್ಲಿ ಹಣ್ಣು, ತರಕಾರಿ, ಕೊಬ್ಬು ಕಡಿಮೆಯಾದ ಹಾಲಿನ ಪದಾರ್ಥಗಳುಳ್ಳ ಆಹಾರವು ಅಧಿಕ ಒತ್ತಡದವರ ಮೇಲಿನ ಅಂಕಿಯನ್ನು ಸರಾಸರಿ 11ರಷ್ಟು ಇಳಿಸಿತು. ಈ ಸೀಮೆಯಲ್ಲಿ ಅದನ್ನು ಪರದೇಶದಿಂದ ತರಿಸಬೇಕಾಗಿಲ್ಲ. ಮೆಂತ್ಯದ ಪಲ್ಯ, ಪುಂಡಿ ಪಲ್ಯ, ಹೆಸರುಕಾಳಿನ ಉಸಲಿ, ಹುರುಳಿ ಸಾರು, ಬೆಣ್ಣೆ ತೆಗೆದ ಮಜ್ಜಿಗೆ ಇವೇ ಸಾಕು. ಉಪ್ಪಿನ ಕೊರತೆಯನ್ನು ನಿಂಬೆ, ಜೀರಿಗೆ, ಬೆಳ್ಳುಳ್ಳಿ ತುಂಬುತ್ತವೆ. ಒಮ್ಮೆಲೇ ಸಪ್ಪೆ ಮಾಡದೆ ವಾರವಾರಕ್ಕೆ ಸ್ವಲ್ಪಸ್ವಲ್ಪ ಇಳಿಸಿದರೆ ನಾಲಗೆ ತಾನೇ ಒಗ್ಗುತ್ತದೆ.

ನಡಿಗೆ

ವಾರಕ್ಕೆ 150 ನಿಮಿಷಗಳ ಬಿರುಸು ನಡಿಗೆ, ಅಂದರೆ ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ, ನಾಳಗಳನ್ನು ಸಡಿಲಗೊಳಿಸಿ ಒತ್ತಡವನ್ನು ಇಳಿಸುತ್ತದೆ. ಹೆಚ್ಚುವರಿ ತೂಕವುಳ್ಳವರಲ್ಲಿ ಪ್ರತಿ ಕಿಲೋ ಇಳಿದಂತೆ ಸುಮಾರು ಒಂದು ಅಂಕಿ ತಗ್ಗುವುದೆಂದು ವೈದ್ಯರ ಲೆಕ್ಕ. ಬಳ್ಳಾರಿಯ ಬಿಸಿಲಿಗೆ ಸೂರ್ಯೋದಯದ ಹೊತ್ತೇ ಯೋಗ್ಯ. ಎದೆನೋವು, ಉಬ್ಬಸವುಳ್ಳವರು ಮೊದಲು ವೈದ್ಯರನ್ನು ಕಾಣತಕ್ಕದ್ದು. ಅಂಕಿ ಇಳಿಯಿತೆಂದು ಗುಳಿಗೆಯನ್ನು ತಾವಾಗಿಯೇ ನಿಲ್ಲಿಸುವುದು ಅಪಾಯಕರ. ಪಥ್ಯವು ಔಷಧಕ್ಕೆ ನೆರವೇ ಹೊರತು ಎದುರಾಳಿಯಲ್ಲ.

ದಾಸೋಹದ ಹೊಣೆ

ಒಬ್ಬನ ಪಥ್ಯ ಒಬ್ಬನಿಂದಲೇ ನಡೆಯದು. ಅದು ಒಲೆಯ ಬಳಿಯೇ ತೀರ್ಮಾನವಾಗುತ್ತದೆ. ನೂರಾರು ಮಕ್ಕಳು ಉಣ್ಣುವ ಪ್ರಸಾದನಿಲಯದಲ್ಲಿ ಸಾರಿಗೆ ಹಾಕುವ ಉಪ್ಪನ್ನು ಕೈಯಳತೆಗೆ ಬಿಡದೆ ತೂಗಿ ಹಾಕಿದರೆ ನೂರಾರು ನಾಲಗೆಗಳು ಎಳವೆಯಲ್ಲಿಯೇ ಮಿತಿಯನ್ನು ಕಲಿಯುತ್ತವೆ. ದಾಸೋಹಕ್ಕೆ ಕಾಣಿಕೆ ಸಲ್ಲಿಸುವ ಭಕ್ತರು ಸಿಹಿ ಮತ್ತು ಹಪ್ಪಳಗಳ ಜೊತೆಗೆ ಕಾಯಿಪಲ್ಯ, ಬಾಳೆಹಣ್ಣುಗಳನ್ನೂ ನೆನೆಯಲಿ. ಹಳೆಯ ವಿದ್ಯಾರ್ಥಿಗಳು ಶಾಲೆಗೆ ಒಂದು ರಕ್ತದೊತ್ತಡ ಮಾಪಕವನ್ನು ಒದಗಿಸಿದರೆ, ಸಮ್ಮೇಳನದ ದಿನ ಐದು ನಿಮಿಷ ಸುಮ್ಮನೆ ಕುಳಿತು ತೋಳು ನೀಡಿದ ಶಿಕ್ಷಕರಲ್ಲಿ, ಪಾಲಕರಲ್ಲಿ ಎಷ್ಟೋ ಮಂದಿಗೆ ತಮ್ಮೊಳಗಿನ ಮೂಕ ಶತ್ರುವಿನ ಸುಳಿವು ದೊರೆತೀತು.

ಶರಣರು ಕಾಯಕವನ್ನು ಪೂಜೆಯೆಂದೂ ಆಹಾರವನ್ನು ಪ್ರಸಾದವೆಂದೂ ಕಂಡರು. ಮೈ ದುಡಿಯುವುದು ಕಾಯಕ. ಮಿತವರಿತು ಉಣ್ಣುವುದು ಪ್ರಸಾದಕ್ಕೆ ಸಲ್ಲುವ ಗೌರವ. ಇವೆರಡನ್ನೂ ಬಲ್ಲ ಮನೆಯಲ್ಲಿ ರಕ್ತದೊತ್ತಡವು ಸುಲಭವಾಗಿ ಬೇರೂರಲಾರದು.