ಪುರಾತತ್ತ್ವಜ್ಞನೇ ಪತ್ತೇದಾರನಾದಾಗ

ಪುರಾತತ್ತ್ವಜ್ಞ ಪತ್ತೇದಾರನಾಗಿರುವ ಕಾದಂಬರಿ ಹೆಚ್ಚಾಗಿ ನಿರಾಸೆ ಮಾಡುವುದು ಅವನ ಕಸುಬು ಮುಖಪುಟಕ್ಕಷ್ಟೇ ಮೀಸಲಾದಾಗ. ನಿಧಿ, ಶಾಪ, ಸರ್ಪಗಾವಲು ಎಲ್ಲವೂ ಇರುತ್ತವೆ; ಮಣ್ಣಿನ ಪದರದ ಮಾತೇ ಇರುವುದಿಲ್ಲ. ಅಸಲಿ ಪತ್ತೇದಾರಿಕೆ ಹೇಗಿರುತ್ತದೆಂದು ತಿಳಿಯಲು ಕುದಾಪುರದ ಓದುಗರು ದೂರ ಹೋಗಬೇಕಿಲ್ಲ. ಪಕ್ಕದ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ.ಎಲ್. ರೈಸ್ ಅಶೋಕನ ಶಾಸನವನ್ನು ಬೆಳಕಿಗೆ ತಂದರು. ಬ್ರಾಹ್ಮಿಯಲ್ಲಿರುವ ಆ ಬರಹದ ಕೊನೆಯಲ್ಲಿ ಲಿಪಿಕಾರ ಚಪಡ ಒಂದು ಪದವನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ವಾಯವ್ಯದ ಆ ಲಿಪಿ ಅವನಿಗೆ ಬರುತ್ತಿತ್ತು ಎಂಬುದಕ್ಕೆ ಅಷ್ಟೇ ಸುಳಿವು ಸಾಕು. 1947ರಲ್ಲಿ ಇಲ್ಲಿ ಉತ್ಖನನ ನಡೆಸಿದ ಮಾರ್ಟಿಮರ್ ವೀಲರ್ ಮೂರು ಸಂಸ್ಕೃತಿಗಳ ಪದರಗಳನ್ನು ಗುರುತಿಸಿದರು: ಕೆಳಗೆ ಕಲ್ಲುಕೊಡಲಿ, ನಡುವೆ ಬೃಹತ್ ಶಿಲಾಸಮಾಧಿ, ಮೇಲೆ ಸಾತವಾಹನರ ಕಾಲ. ಕಾಲ ಹೇಳಿದ್ದು ಒಡೆದ ಮಡಕೆ ಚೂರುಗಳು. ಕಾಲ ಗೊತ್ತಿದ್ದ ರೋಮನ್ ಸರಕಿನೊಂದಿಗೆ ಅರಿಕಮೇಡು ಎಂಬ ಉತ್ಖನನ ತಾಣದಲ್ಲಿ ಸಿಕ್ಕಿದ್ದ ಬಗೆಯ ಮಡಕೆ ಇಲ್ಲಿಯೂ ಸಿಕ್ಕಿತು. ಅಲ್ಲಿನ ಕಾಲ ಇಲ್ಲಿಗೂ ಕೀಲಿಕೈಯಾಯಿತು.

ಆದ್ದರಿಂದ ಪುಸ್ತಕ ಕೊಳ್ಳುವ ಮುನ್ನ ಮೊದಲ ಅಧ್ಯಾಯ ತಿರುವಿ ನೋಡುವುದು ಲೇಸು. ವಸ್ತು ಯಾವ ಪದರದಲ್ಲಿ, ಯಾವುದರ ಜೊತೆ ಸಿಕ್ಕಿತೆಂದು ಕೇಳದ ನಾಯಕನನ್ನು ಅಂಗಡಿಯಲ್ಲೇ ಬಿಡಬಹುದು. ಕಸುಬನ್ನು ಬಲ್ಲ ಬರಹವೂ ಇದೆ: ಪುರಾತತ್ತ್ವಜ್ಞ ಮ್ಯಾಕ್ಸ್ ಮ್ಯಾಲೋವನ್‌ರ ಪತ್ನಿಯಾಗಿದ್ದ ಅಗಾಥಾ ಕ್ರಿಸ್ಟಿ 1936ರಲ್ಲಿ ಮೆಸೊಪೊಟೇಮಿಯಾದ ಕೊಲೆಯ ಕಥೆ ಬರೆದರು. ಅದರ ಪತ್ತೇದಾರ ಪ್ವಾರೊ ಪುರಾತತ್ತ್ವಜ್ಞನಲ್ಲ, ಆದರೂ ಉತ್ಖನನ ಶಿಬಿರದ ಬದುಕು ಅಲ್ಲಿ ನಂಬುವಂತಿದೆ.